ಅಕ್ಕನ ಹಳೇ ಆಟದ ಕತ್ತಿ

ನಮ್ಮಕ್ಕನಷ್ಟು ಸಲ ಸತ್ತವರು ಇಡೀ ಟೌರಂಗಾ ಊರಿನಲ್ಲಿ ಇನ್ನೊಬ್ಬರಿಲ್ಲ! ಬೆಳಗಿನ ಕಾಫಿಗೆ ಮುಂಚೆ ಒಂದು ಸಲ, ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ ಇನ್ನೊಂದು ಸಲ. ಭಾನುವಾರವಾದರೆ ಲೆಕ್ಕವೇ ಇಲ್ಲ. ಸತ್ತಾಗಲೆಲ್ಲ "ಥೂ, ಹಾಳಾದ್ದು!" ಎಂದು ಎದ್ದು, ಅನ್ನಕ್ಕಿಟ್ಟು ಬಂದು, ಮತ್ತೆ ಸಾಯಲು ಕೂರುತ್ತಿದ್ದಳು.

ಗಾಬರಿಯಾಗಬೇಡಿ, ಕಂಪ್ಯೂಟರ್ ಆಟದ ಸಂಗತಿ. ಅಕ್ಕ ಕಿವಿ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಮದುವೆಯಾಗಲಿಲ್ಲ. ನಮ್ಮ ಹಿತ್ತಲಿನ ಒಂಟಿ ಕೋಣೆಯಲ್ಲಿ ಅವಳ ವಾಸ. ಒಮ್ಮೆ ಯಾರದೋ ಗ್ಯಾರೇಜ್ ಸೇಲಿನಲ್ಲಿ, ಪಂಚಾಂಗ ನೋಡುವುದಕ್ಕೆಂದು ಒಂದು ಹಳೇ ಕಂಪ್ಯೂಟರ್ ಕೊಂಡಳು. ಅದರೊಳಗೆ ಒಂದು ಆಟ ಉಳಿದುಬಿಟ್ಟಿತ್ತು. ಕತ್ತಿ ಹಿಡಿದ ಹೆಂಗಸೊಬ್ಬಳು ನೆಲಮಾಳಿಗೆಗಳಿಗೆ ಇಳಿದು ರಾಕ್ಷಸರನ್ನು ಕಡಿಯುವ ಆಟ. ಪಂಚಾಂಗ ಗೋಡೆಯ ಕ್ಯಾಲೆಂಡರಿನಲ್ಲೇ ಉಳಿಯಿತು!

ಆ ಆಟದಲ್ಲೊಂದು ಕಠಿಣ ಕಟ್ಟಳೆ. ಸತ್ತರೆ ನೀವು ಊರಿನ ಚೌಕದಲ್ಲಿ ಬರಿಗೈಯಲ್ಲಿ ಎದ್ದು ನಿಲ್ಲುತ್ತೀರಿ. ನಿಮ್ಮ ಹೆಣ, ಕತ್ತಿ, ಕವಚ ಎಲ್ಲವೂ ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಮತ್ತೆ ಅಷ್ಟು ದೂರ ನಡೆದು ಹೋಗಿ ತರಬೇಕು. ನಾಳೆ ಹೋದರೂ ಅಲ್ಲೇ ಇರುತ್ತದೆ, ಬರುವ ವರ್ಷ ಹೋದರೂ ಅಲ್ಲೇ. ದಾರಿ ತೋರಿಸುವವರು ಯಾರೂ ಇಲ್ಲ. ಅಕ್ಕ ಹೋಗುತ್ತಾ ಹೋಗುತ್ತಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಹಾಳು ಬಾವಿ ಹತ್ರ ಎಡಕ್ಕೆ. ಅಲ್ಲಿ ನಿಂತ್ಕೋಬೇಡ, ಓಡು. ಕೈಲಿ ಕತ್ತಿ ಇಲ್ದೋರು ಅಲ್ಲಿ ನಿಲ್ಲಬಾರ್ದು." ಕಾಫಿ ಕೊಡಲು ಹೋಗುತ್ತಿದ್ದ ನನಗೂ ಅದು ಬಾಯಿಪಾಠವಾಗಿತ್ತು.

ಪಾಮರ್ಸ್ಟನ್ ನಾರ್ತ್‌ನಲ್ಲಿ ಓದುವ ನನ್ನ ಮಗಳಿಗೆ ಇದೆಲ್ಲ ಭಾರೀ ತಮಾಷೆ. ಪರದೆಯ ಮೇಲಿನ ಪುಟ್ಟ ಹೆಂಗಸನ್ನು ತೋರಿಸಿ ನಗುತ್ತಿದ್ದಳು: "ಅತ್ತೆ, ಇಟ್ ಲುಕ್ಸ್ ಲೈಕ್ ಎ ಪೊಟೇಟೊ ವಿತ್ ಎ ನೈಫ್!"

"ಆಲೂಗಡ್ಡೆನೇ ಆಗ್ಲಿ. ಎಷ್ಟು ಧೈರ್ಯ ನೋಡು ಅದಕ್ಕೆ!"

ಒಂದು ಕ್ರಿಸ್‌ಮಸ್ ರಜೆಗೆ ಮಗಳು ಅದೇ ಆಟದ ಹೊಸ ಭಾಗ ತಂದಳು. ಅಕ್ಕ ನ್ಯಾಯವಂತೆ. ಆಡದೆ ಬೈಯುವವಳಲ್ಲ. ಕನ್ನಡಕ ಒರೆಸಿಕೊಂಡು ಕೂತಳು. ಹೊಸ ಆಟದಲ್ಲಿ ಮಳೆ ಬಂತು. ರಾಕ್ಷಸರನ್ನೆಲ್ಲ ಬಿಟ್ಟು ಮರದ ಕೆಳಗೆ ನಿಂತು ಮಳೆಯನ್ನೇ ನೋಡಿದಳು. "ಮಳೆ ಚೆನ್ನಾಗಿದೆ. ಸುಳ್ಳು ಯಾಕೆ ಹೇಳ್ಲಿ? ನಮ್ಮ ಹಳೇದ್ರಲ್ಲಿ ಇಂಥ ಮಳೆ ಇಲ್ಲ." ಮಗಳು ಗೆದ್ದಂತೆ ನಕ್ಕಳು. ಆಮೇಲೆ ಪರದೆಯ ಮೇಲೊಂದು ಹೊಳೆಯುವ ಬಾಣ ಮೂಡಿ ಹೀಗೆ ಹೋಗು ಎಂದಿತು. "ಇದ್ಯಾಕೆ? ನಾನೇನು ಕುರುಡಿಯಾ?" ಎಂದು ಬೇಕೆಂದೇ ಬೇರೆ ಕಡೆಗೆ ಹೋಗಿ ಸತ್ತಳು. ಸತ್ತ ಮರುಕ್ಷಣವೇ ಎದ್ದು ನಿಂತಳು, ಕತ್ತಿ ಕೈಯಲ್ಲೇ ಇತ್ತು!

ಅಕ್ಕ ಕೈಯೆತ್ತಿಬಿಟ್ಟಳು. "ಇದೇನಿದು? ಸತ್ತಿದ್ದಕ್ಕೆ ಒಂದು ಮರ್ಯಾದೆ ಬೇಡ್ವಾ?"

"ಅತ್ತೆ, ಆಡೋರಿಗೆ ಕಷ್ಟ ಆಗ್ಬಾರ್ದು ಅಂತ. ಕ್ವಾಲಿಟಿ ಆಫ್ ಲೈಫ್!"

"ಲೈಫ್ ಇರ್ಲಮ್ಮ. ಸಾವಿಗೆ ಎಲ್ಲಿ ಕ್ವಾಲಿಟಿ?"

ಆ ಬಾಣದ ಮೇಲಿನ ಸಿಟ್ಟು ರಸ್ತೆಗೂ ಇಳಿಯಿತು. ರಜೆ ಮುಗಿದು ಮಗಳನ್ನು ಪಾಮರ್ಸ್ಟನ್ ನಾರ್ತ್‌ಗೆ ಬಿಡಲು ಹೊರಟಾಗ, ಯೂಟ್ ಎನ್ನುವ ತನ್ನ ಪುಟ್ಟ ಟ್ರಕ್ಕು ಓಡಿಸುತ್ತಿದ್ದ ಅಕ್ಕ, ದಾರಿ ಹೇಳುತ್ತಿದ್ದ ನನ್ನ ಫೋನನ್ನು ಕಸಿದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದಳು. ಹೋಗಿ ಮುಟ್ಟಿದ್ದು ಒಂದು ಕುರಿ ಫಾರಮ್ಮಿಗೆ! ಫಾರಮ್ಮಿನ ಮುದುಕಿ ನಮ್ಮನ್ನು ಒಳಗೆ ಕರೆದು ಚಹಾ, ಬನ್ನಿನಂಥ ಬಿಸಿ ಸ್ಕೋನ್ ಕೊಟ್ಟಳು. ಅಕ್ಕ ಬೆಣ್ಣೆ ಸವರಿಕೊಳ್ಳುತ್ತಾ ಕೇಳಿದಳು: "ಈಗ ಹೇಳೋ, ಬಾಣ ನೋಡ್ಕೊಂಡು ಹೋಗಿದ್ರೆ ಇದು ಸಿಗ್ತಿತ್ತೇನೋ?"

ಆಯುಧಪೂಜೆಯ ದಿನವಂತೂ ಕೇಳಲೇಬೇಡಿ. ಯೂಟಿಗೆ ನಿಂಬೆಹಣ್ಣು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಕುಂಕುಮ. ಆಮೇಲೆ ಕಂಪ್ಯೂಟರ್ ಹಚ್ಚಿ, ಆಟದೊಳಗೆ ಊರಿನ ಚೌಕದಲ್ಲಿ ಕತ್ತಿಯನ್ನು ನೆಲದ ಮೇಲಿಟ್ಟು, ಪರದೆಗೆ ಮಂಗಳಾರತಿ! "ಆಯುಧ ಅಂದ್ರೆ ಕತ್ತಿ ತಾನೇ? ನಮ್ಮನೇಲಿರೋ ಕತ್ತಿ ಇದೊಂದೇ ಕಣೋ." ಮೊದಲ ವರ್ಷ ಕರ್ಪೂರದ ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಂಡು, ಪಕ್ಕದ ಮನೆಯ ಮುದುಕ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬೇಲಿ ಹಾರಿ ಬಂದ. ಅಕ್ಕ ಅವನಿಗೆ ಸಾವಧಾನವಾಗಿ ಎಲ್ಲ ವಿವರಿಸಿ ರವೆ ಉಂಡೆ ಕೊಟ್ಟಳು. ಮರುವರ್ಷ ಆತ ಸ್ನಾನ ಮಾಡಿ, ತಲೆ ಬಾಚಿ, ಮರ ಕೊಯ್ಯುವ ತನ್ನ ಚೈನ್‌ಸಾ ಎತ್ತಿಕೊಂಡು ಪೂಜೆಗೆ ಹಾಜರ್!

ಈ ಸಲದ ಜುಲೈ ಚಳಿಗಾಲದಲ್ಲಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದ ಅಕ್ಕ ಮತ್ತೆ ಮನೆಗೆ ಬರಲಿಲ್ಲ.

ಹಬ್ಬ ಹತ್ತಿರ ಬಂದಾಗ ಅವಳ ಕೋಣೆಯ ಬೀಗ ತೆಗೆದು ಕಂಪ್ಯೂಟರ್ ಹಚ್ಚಿದೆ. ಚೌಕದಲ್ಲಿ ಅವಳ ಹೆಂಗಸು ಬರಿಗೈಯಲ್ಲಿ ನಿಂತಿದ್ದಳು. ಆಸ್ಪತ್ರೆಗೆ ಹೊರಡುವ ಮುಂಚೆ ಅಕ್ಕ ಆಟದಲ್ಲಿ ಎಲ್ಲೋ ಸತ್ತಿದ್ದಾಳೆ. ಕತ್ತಿ ಕೆಳಗೆ, ನೆಲಮಾಳಿಗೆಯಲ್ಲಿದೆ. ಕತ್ತಿಯಿಲ್ಲದೆ ಪೂಜೆ ಯಾವುದಕ್ಕೆ?

ಫೋನಿನಲ್ಲಿ ಮಗಳು ಮೆಲ್ಲಗೆ ಹೇಳಿದಳು. "ಅಪ್ಪಾ, ಐ ಕ್ಯಾನ್ ಚೇಂಜ್ ದ ಫೈಲ್. ಟೂ ಮಿನಿಟ್ಸ್. ಕತ್ತಿ ಕೈಗೆ ಬರುತ್ತೆ."

"ಬೇಡ ಕಂದ. ಹೋಗೇ ತರ್ಬೇಕು."

ಜನ್ಮದಲ್ಲಿ ಇಂಥ ಆಟ ಆಡದ ನಾನು ಬಂದರಿನ ಕೆಲಸ ಮುಗಿಸಿ ಬಂದು ದಿನವೂ ಕೂತೆ. ಮೊದಲ ಮೆಟ್ಟಿಲಲ್ಲೇ ಸತ್ತೆ. ಗೋಡೆಗೆ ಮುಖ ಮಾಡಿ ನಿಂತು ಸತ್ತೆ. ಇಲಿಯೊಂದು ಕಚ್ಚಿ ಸತ್ತೆ! ಸತ್ತಾಗಲೆಲ್ಲ "ಥೂ, ಹಾಳಾದ್ದು!" ಎಂದು ಮತ್ತೆ ಹೊರಟೆ. ಬಾವಿ ಸಿಕ್ಕಿತು. ಎಡಕ್ಕೆ ತಿರುಗಿ ಓಡಿದೆ.

ಹಬ್ಬದ ಹಿಂದಿನ ಸಂಜೆ, ಮನೆಗೆ ಬಂದಿದ್ದ ಮಗಳು ಪಕ್ಕದಲ್ಲಿರುವಾಗ, ಜಾಗ ಸಿಕ್ಕಿತು. ಕಲ್ಲುನೆಲದ ಮೇಲೆ ಆ ಆಲೂಗಡ್ಡೆಯಂಥ ಪುಟ್ಟ ದೇಹ ಮಗ್ಗುಲಾಗಿ ಮಲಗಿತ್ತು. ಮುಟ್ಟಿದರೆ ಕತ್ತಿ ನಮ್ಮದಾಗುತ್ತದೆ, ದೇಹ ಮಾಯವಾಗುತ್ತದೆ. ಅದೂ ಅಲ್ಲಿಯ ಕಟ್ಟಳೆಯೇ.

"ಅಪ್ಪಾ?" ಎಂದಳು ಮಗಳು.

"ಇರು, ಒಂದ್ನಿಮಿಷ."

ಆಮೇಲೆ ಮುಟ್ಟಿದೆ.

ವಾಪಸ್ಸು ಬರುವಾಗ ಬಾವಿ ಕಾಣಿಸಿತು. ಮಾತುಮಾತಿಗೂ ಇಂಗ್ಲಿಷ್ ಬೆರೆಸುವ ಹುಡುಗಿ ನನ್ನ ತೋಳು ಹಿಡಿದು, ಅಕ್ಕನದೇ ಧಾಟಿಯಲ್ಲಿ ಹೇಳಿದಳು: "ಅಲ್ಲಿ ನಿಂತ್ಕೋಬೇಡ, ಓಡು."

ನಾನು ಓಡಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೈಯಲ್ಲಿ ಕತ್ತಿ ಇತ್ತು.