ಲಾರಿ ಕಾಟಾದ ದಂಡನಾಯಕ

ಇಂಥ ಪ್ರಸಂಗಗಳು ಬೇರೆಯವರಿಗೆ ಹಬ್ಬಕ್ಕೊಂದು ಹುಣ್ಣಿಮೆಗೊಂದು ಆಗುತ್ತವಂತೆ. ನನಗೆ ವಾರದ ರಜೆಯನ್ನೂ ಬಿಡದೆ ಆಗುತ್ತವೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಹೊಟ್ಟೆ ಮಾತ್ರ ಉರಿಯುತ್ತಿರುತ್ತದೆ.

ನಾನಿರುವುದು ಹೊಸಪೇಟೆಯಲ್ಲಿ. ಕೆಲಸ ಸಂಡೂರಿನ ಕಡೆ, ಒಂದು ಅದಿರು ಯಾರ್ಡಿನ ಕಾಟಾದಲ್ಲಿ. ಕಾಟಾ ಅಂದರೆ ಲಾರಿಯನ್ನು ಲೋಡಿನ ಸಮೇತ ನಿಲ್ಲಿಸಿ ತೂಗುವ ಜಾಗ. ಹದಿನಾಲ್ಕು ವರ್ಷದಿಂದ ತೂಗುತ್ತಿದ್ದೇನೆ, ಗುತ್ತಿಗೆಯ ಮೇಲೆ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆದಾರ ಬದಲಾಗುತ್ತಾನೆ, ನನಗೆ ಹೊಸ ಕಾರ್ಡು ಬರುತ್ತದೆ, ಅದರಲ್ಲಿ ಕೆಲಸಕ್ಕೆ ಸೇರಿದ ದಿನವೂ ಹೊಸದು. ಕಾಗದದ ಪ್ರಕಾರ ನಾನು ಯಾವಾಗಲೂ ಈಗಷ್ಟೇ ಸೇರಿದವನು. ತಲೆಗೂದಲು ಅದನ್ನು ಒಪ್ಪುವುದಿಲ್ಲ. ಒಮ್ಮೆ ಪರ್ಮನೆಂಟ್ ಆಗಬೇಕು, ನನಗಿರುವುದು ಅದೊಂದೇ ಆಸೆ.

೧. ಗುರೂಪದೇಶ

ಒಂದು ಬೇಸಿಗೆ ಮಧ್ಯಾಹ್ನ ಕಾಟಾದ ಕಂಪ್ಯೂಟರ್ ಕೈಕೊಟ್ಟಿತು. ಲಾರಿಗಳು ರಸ್ತೆಯ ತನಕ ಸಾಲುಗಟ್ಟಿದವು. ಡ್ರೈವರುಗಳೆಲ್ಲ ಕಿಟಕಿಗೆ ಬಂದು ನನ್ನ ವಂಶ ಉದ್ಧಾರ ಮಾಡಿ ಹೋದರು. ಕಂಪ್ಲಿಯ ಒಬ್ಬ ಡ್ರೈವರ್ ಮಾತ್ರ ನೆರಳಲ್ಲಿ ಕೂತು ಫೋನ್ ನೋಡುತ್ತಿದ್ದ.

"ಯಾಕಣ್ಣ, ನಿನಗ ಸಿಟ್ಟು ಬರಂಗಿಲ್ಲೇನು?" ಎಂದೆ.

"ನಾ ಇಲ್ಲೆಲ್ಲಿ ಅದೀನ್ರಿ? ಯುದ್ಧದಾಗ ಅದೀನಿ."

ತೋರಿಸಿದ. ಪರದೆಯ ಕೆಳಗೆ ಬಣ್ಣಬಣ್ಣದ ಹರಳುಗಳು, ಮೇಲೆ ಮೂರು ಜನ ವೀರರು, ಅವರೆದುರು ಒಬ್ಬ ರಾಕ್ಷಸ. "ಒಂದೇ ಬಣ್ಣದ ಮೂರು ಹರಳು ಸಾಲಾಗಿ ಬಂದ್ರ ಒಡೀತಾವ್ರಿ. ಕೆಂಪು ಒಡದ್ರ ಈ ಕತ್ತಿಯಾವ ಹೊಡೀತಾನ. ಹಸಿರು ಒಡದ್ರ ಈ ವೈದ್ಯಮ್ಮ ಎಲ್ಲಾರ ಗಾಯ ಮಾಯಿಸ್ತಾಳ."

"ಗೆದ್ರ ಏನ್ ಬರ್ತೈತಿ?"

"ನಮಗೇನಿಲ್ರಿ. ಅವ್ರು ಲೆವೆಲ್ ಏರ್ತಾರ. ಏರಿದಾವ್ರು ಮತ್ತ ಇಳ್ಯಂಗಿಲ್ಲ."

ನನಗೆ ನಂಬಿಕೆ ಬರಲಿಲ್ಲ. "ಗುತ್ತಿಗೆದಾರ ಬದಲಾದ್ರೂ?" ಎಂದು ಕೇಳಿದೆ.

"ಅಲ್ಲಿ ಗುತ್ತಿಗೆದಾರ ಇಲ್ರಿ. ಬರೀ ರಾಕ್ಷಸ್ರು ಅದಾರ" ಎಂದ.

ಅವತ್ತೇ ಅವನ ಕೈಯಲ್ಲಿ ನನ್ನ ಫೋನಿಗೂ ಆ ಆಟ ಹಾಕಿಸಿಕೊಂಡೆ.

೨. ಬಂಗಾರದ ಕವಚ

ಆಟದ ರುಚಿ ಹತ್ತಿದ್ದು ಒಂದೇ ಕಾರಣಕ್ಕೆ. ಹತ್ತು ಹರಳು ಒಡೆದರೆ ವೀರನ ಹೆಸರಿನ ಕೆಳಗಿನ ಪಟ್ಟಿ ಒಂದಿಷ್ಟು ತುಂಬುತ್ತದೆ. ಇನ್ನು ಹತ್ತು ಒಡೆದರೆ ಇನ್ನೊಂದಿಷ್ಟು. ಮಾಡಿದ ಕೆಲಸ ಮಾಡಿದ ಕಡೆಯೇ ಉಳಿಯುತ್ತದೆ. ಹದಿನಾಲ್ಕು ವರ್ಷದಲ್ಲಿ ನಾನು ಎಷ್ಟು ಲಾರಿ ತೂಗಿದ್ದೇನೋ, ಅದಕ್ಕೆ ಯಾವ ಪಟ್ಟಿಯೂ ತುಂಬಿಲ್ಲ.

ನನ್ನ ಕತ್ತಿಯವನು ಮೊದಲು ಹರಕು ಅಂಗಿಯಲ್ಲಿದ್ದ. ಆಮೇಲೆ ಅವನಿಗೆ ಚರ್ಮದ ಕವಚ ಬಂತು, ಆಮೇಲೆ ಕಬ್ಬಿಣದ್ದು, ಕೊನೆಗೆ ಬಂಗಾರದ್ದು. ಖುಷಿ ತಡೆಯಲಾಗದೆ ಹೆಂಡತಿಗೆ ತೋರಿಸಿದೆ.

"ಇವ ಕೆಲಸಕ್ಕ ಸೇರಿ ಎಷ್ಟು ದಿನ ಆತು?" ಎಂದಳು.

"ಆರು ತಿಂಗಳು."

"ಆರು ತಿಂಗಳದಾಗ ಇಷ್ಟು ಮ್ಯಾಲೆ ಬಂದಾನ?" ಫೋನನ್ನು ಹತ್ತಿರ ಹಿಡಿದು ಅವನ ಮುಖ ನೋಡಿದಳು. "ನಮ್ಮಪ್ಪ ಸ್ವಲ್ಪ ತಡದಿದ್ರ ಇಂಥಾವ ಸಿಗ್ತಿದ್ನೋ ಏನೋ" ಎಂದು ರೊಟ್ಟಿ ಬಡಿಯಲು ಹೋದಳು.

೩. ಹಂಪಿಯಲ್ಲಿ ಅತ್ತೆ

ಅಷ್ಟರಲ್ಲಿ ನಮ್ಮದೊಂದು ತಂಡವಾಗಿತ್ತು. ಡ್ರೈವರುಗಳು, ಗೇಟಿನ ಸೆಕ್ಯುರಿಟಿಯವರು, ಸ್ಟೋರಿನವರು, ಎಲ್ಲ ಸೇರಿ ದಿನಾ ಸಂಜೆ ನಾಲ್ಕಕ್ಕೆ ಬೇರೆ ತಂಡದ ಮೇಲೆ ಯುದ್ಧ. ಎಲ್ಲರಿಗಿಂತ ಹೆಚ್ಚಿನ ಲೆವೆಲ್ ನನ್ನದಾದ್ದರಿಂದ ನಾನೇ ನಾಯಕ. ಆಟದಲ್ಲಿ ಯಾರೂ ನಿಜ ಹೆಸರು ಹಾಕುವುದಿಲ್ಲ. ನಾನು 'ದಂಡನಾಯಕ' ಎಂದು ಇಟ್ಟುಕೊಂಡಿದ್ದೆ.

ಕಂಪ್ಲಿಯಿಂದ ಅತ್ತೆ ಬಂದರು, ಹಂಪಿ ನೋಡಬೇಕೆಂದರು. ಕರೆದುಕೊಂಡು ಹೋದೆ. ನಾಲ್ಕು ಗಂಟೆಗೆ ಸರಿಯಾಗಿ ಒಂದು ಕಲ್ಲುಮಂಟಪದ ನೆರಳು ಹಿಡಿದು ಕೂತು ಯುದ್ಧ ಶುರು ಮಾಡಿದೆ. ಅತ್ತೆ ಒಬ್ಬರೇ ಗೋಡೆಯ ಮೇಲೆ ಕೆತ್ತಿದ ಆನೆ, ಕುದುರೆ, ಕಾಲಾಳುಗಳನ್ನೆಲ್ಲ ನೋಡಿ ಬಂದು ನನ್ನ ಪಕ್ಕ ನಿಂತರು. ಫೋನಿನಲ್ಲಿಯೂ ಸೈನ್ಯ ಕಂಡಿತು.

"ಅಳಿಯಂದ್ರ, ಅಷ್ಟು ದೊಡ್ಡ ಸೈನ್ಯ ಇದ್ದಾವ್ರ ಮನೀನ ಹಿಂಗಾಗೇತಿ" ಎಂದು ಸುತ್ತ ಕೈ ತೋರಿಸಿದರು. "ನಿಮ್ಮದು ಬಾಡಿಗಿ ಮನಿ ಐತಿ. ಸ್ವಲ್ಪ ನೋಡ್ಕೊಂಡು ಮಾಡ್ರಿ."

೪. ಸಂಡೂರು ಹುಲಿ

ತಂಡದಲ್ಲಿ 'ಸಂಡೂರು ಹುಲಿ' ಎಂಬವನೊಬ್ಬನಿದ್ದ. ಯುದ್ಧಕ್ಕೆ ಎರಡು ದಿನ ಬಂದರೆ ಮೂರು ದಿನ ನಾಪತ್ತೆ. ಒಂದು ದಿನ ಬರೆದೆ: "ಹುಲಿ ಅಂತ ಹೆಸರಿಟ್ಕೊಂಡು ಇಲಿಯಂಗ ಅಡಗಬ್ಯಾಡ. ಇನ್ನೊಮ್ಮೆ ತಪ್ಪಿಸಿದ್ರ ತಂಡದಿಂದ ತೆಗೀತೀನಿ."

"ಕ್ಷಮಿಸ್ರಿ ದಂಡನಾಯಕರ, ಮೀಟಿಂಗ್‌ನ್ಯಾಗ ಸಿಕ್ಕೊಂಡಿದ್ದೆ" ಎಂದು ಉತ್ತರ ಬಂತು.

ಹುಲಿ ಯಾರೆಂದು ಅವತ್ತೇ ಸೈಟ್ ಮ್ಯಾನೇಜರರ ಕಾರಿನ ಡ್ರೈವರ್ ನನ್ನ ಕಿವಿಯಲ್ಲಿ ಹೇಳಿದ. ನಮ್ಮ ಮ್ಯಾನೇಜರ್ ಸಾಹೇಬರೇ. ನಾಯಕ ಯಾರೆಂದು ಅವರಿಗೆ ಗೊತ್ತಿಲ್ಲ. ನನ್ನಲ್ಲಿ ಕ್ಷಮೆ ಕೇಳಿದ ಮರುದಿನವೇ ಅವರು ಕಾಟಾಕ್ಕೆ ಬಂದು, ತೂಕದ ಚೀಟಿ ತಡವಾಯಿತೆಂದು ಎಲ್ಲರೆದುರು ನನ್ನನ್ನು ಕತ್ತೆ ಎಂದರು. ನಾನು ತಲೆ ತಗ್ಗಿಸಿ ನಿಂತೆ. ನಾಲ್ಕು ಗಂಟೆಗೆ ಅವರನ್ನು ಒಬ್ಬರನ್ನೇ ರಾಕ್ಷಸರ ಎದುರಿಗೆ, ಮೊದಲ ಸಾಲಿನಲ್ಲಿ ನಿಲ್ಲಿಸಿದೆ. ಅಷ್ಟು ಬೇಗ ಸತ್ತವರನ್ನು ನಾನು ಆ ಆಟದಲ್ಲಿ ಮತ್ತೆ ನೋಡಿಲ್ಲ.

೫. ಸಂದರ್ಶನ

ಆ ತಿಂಗಳೇ ಸುದ್ದಿ ಬಂತು. ಕಾಟಾದಲ್ಲಿರುವ ಇಬ್ಬರಲ್ಲಿ ಒಬ್ಬನನ್ನು ಪರ್ಮನೆಂಟ್ ಮಾಡುತ್ತಾರಂತೆ, ಆರಿಸುವವರು ಮ್ಯಾನೇಜರ್ ಸಾಹೇಬರು. ಇಬ್ಬರು ಎಂದರೆ ನಾನು ಮತ್ತು ಇನ್ನೊಂದು ಪಾಳಿಯವನು. ಅವನು ಬಂದು ಮೂರು ವರ್ಷವೂ ಆಗಿಲ್ಲ.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸಾಹೇಬರನ್ನು ಹಿಂದಿನ ಸಾಲಿಗೆ ತಂದೆ. ನನ್ನ ವೈದ್ಯಮ್ಮನನ್ನು ಅವರ ಸೇವೆಗೇ ಬಿಟ್ಟೆ. ಯುದ್ಧ ತಪ್ಪಿಸಿದರೂ "ಪರವಾಗಿಲ್ರಿ, ಮೀಟಿಂಗ್ ಮುಖ್ಯ" ಎಂದು ಬರೆದೆ. ನಾಲ್ಕು ತಿಂಗಳು ಅವರನ್ನು ಹೀಗೆ ಸಾಕಿದೆ. ಇಲಿಯಂತಿದ್ದವರು ನಿಜಕ್ಕೂ ಹುಲಿಯಾದರು.

ಸಂದರ್ಶನದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಸಾಹೇಬರು ಫೈಲು ತೆಗೆದು, "ಸೇರಿ ಎಂಟು ತಿಂಗಳಾಗೇತಿ. ಇಷ್ಟು ಜಲ್ದಿ ಪರ್ಮನೆಂಟ್ ಬೇಕೇನಲೇ?" ಎಂದರು.

ಹದಿನಾಲ್ಕು ವರ್ಷ ಎಂದು ವಾದಿಸಿ ಪ್ರಯೋಜನವಿರಲಿಲ್ಲ. ಫೋನ್ ತೆಗೆದು ಆಟ ತೆರೆದು ಅವರ ಮುಂದಿಟ್ಟೆ.

ಸಾಹೇಬರು ಹೆಸರು ಓದಿ ಎದ್ದುನಿಂತರು. "ದಂಡನಾಯಕರ! ನೀವೇನ್ರಿ? ಕುಂದ್ರಿ, ಕುಂದ್ರಿ." ಚಹಾ ತರಿಸಿದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ಕಣ್ಣು ತುಂಬಿ ಬಂತು.

"ಹಂಗಾರ ನಂದು ಪರ್ಮನೆಂಟ್, ಸಾಹೇಬ್ರ?" ಎಂದೆ.

ಅವರು ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು. "ನೋಡ್ರಿ, ಪರ್ಮನೆಂಟ್ ಆದಾವ ಒಳಗಿನ ಪ್ಲಾಂಟಿಗೆ ಹೋಗಬೇಕು. ಅಲ್ಲಿ ಫೋನ್ ಗೇಟಿನ್ಯಾಗ ಇಟ್ಟು ಹೋಗಬೇಕು. ನಾಲ್ಕು ಗಂಟಿ ಯುದ್ಧಕ್ಕ ನೀವಿಲ್ಲಂದ್ರ ನಮಗ್ಯಾರದಾರ?"

ನಾನು ಚಹಾದ ಕಪ್ಪು ಕೆಳಗಿಟ್ಟೆ. "ಮತ್ತ ಯಾರನ್ನ ಮಾಡ್ತೀರಿ?"

"ಆ ಇನ್ನೊಂದು ಪಾಳಿಯಾವನ್ನ. ಅವಂದು ಬಟನ್ ಫೋನ್ ಐತಿ. ಅವ ಒಳಗ ಹೋದ್ರ ನಮಗೇನು ನಷ್ಟಿಲ್ಲ."

ಮಾಡಿದ್ದುಣ್ಣೋ ಮಹಾರಾಯ. ನಾನು ಎದ್ದು ಬಂದು ಕಾಟಾದ ಕುರ್ಚಿಯಲ್ಲಿ ಕೂತೆ. ಫೋನನ್ನು ಲಾರಿಯ ಚಕ್ರದಡಿ ಇಡಬೇಕೆನ್ನಿಸಿತು, ಇಡಲಿಲ್ಲ. ಲೆವೆಲ್ ಹೋಗುತ್ತದೆ. ನಾಲ್ಕು ಹೊಡೆಯಿತು, ಯುದ್ಧ ಗೆದ್ದೆವು. ಎಲ್ಲರಿಗಿಂತ ಮೊದಲು ಸಾಹೇಬರ ಸಂದೇಶ ಬಂತು: "ಮಸ್ತ್ ಆಡಿದ್ರಿ ದಂಡನಾಯಕರ. ಚಿಂತಿ ಮಾಡಬ್ಯಾಡ್ರಿ, ನಾ ಇರೋತನಕ ನಿಮ್ಮನ್ನ ಆ ಕುರ್ಚಿ ಬಿಟ್ಟು ಎಲ್ಲಿಗೂ ಕಳಸಂಗಿಲ್ಲ."