ನಡುದಾರಿ ಮೇಷ್ಟ್ರೂ ನನ್ನ ಮೈಕ್ ಆಟೋನೂ

ನಂಜನಗೂಡಲ್ಲಿ ಆಟೋಗೆ ಮೈಕ್ ಕಟ್ಕೊಂಡು ಎಲೆಕ್ಷನ್‌ಗೆ ಕೂಗೋನು ನಾನು. ಎಲ್ಲ ಪಕ್ಷಕ್ಕೂ ಕೂಗಿದ್ದೀನಿ, ಎಲ್ಲದರಲ್ಲೂ ಏನಾದ್ರೊಂದು ಫಜೀತಿ ಆಗೇ ಆಗಿದೆ. ಒಂದು ಸಲ ಲೋಕಸಭೆಗೆ, "ಡೆಲ್ಲಿ ಗೆಲ್ಲಬೇಕಂದ್ರೆ ಎಡಕ್ಕೂ ವಾಲದ, ಬಲಕ್ಕೂ ವಾಲದ ಮನುಷ್ಯ ಬೇಕು" ಅಂತ ಒಂದು ಸಣ್ಣ ಪಕ್ಷ ಹೆಮ್ಮರಗಾಲದ ರಿಟೈರ್ಡ್ ಮೇಷ್ಟ್ರಿಗೆ ಟಿಕೆಟ್ ಕೊಡ್ತು. ದೇವರಂಥ ಮನುಷ್ಯ, ಯಾರ ಹತ್ರಾನೂ ಜಗಳ ಆಡಿದೋರಲ್ಲ.

"ಡೆಲ್ಲಿ ಇರ್ಲಿ ಕಣೋ, ನಮ್ಮೂರ ಬೂತಲ್ಲಿ ಲೀಡ್ ಬಂದ್ರೆ ಸಾಕು. ಇಲ್ಲಾಂದ್ರೆ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?" ಅಂದ್ರು.

ಎರಡು ಬೀದಿ ಕಾಫಿ

ಹೆಡತಲೇಲಿ ಮೇಲಿನ ಬೀದಿ ಒಂದು ಪಕ್ಷ, ಕೆಳಗಿನ ಬೀದಿ ಇನ್ನೊಂದು. ಎರಡೂ ಕಡೆ ಕಾಫಿಗೆ ಕರೆದ್ರು. ಯಾರದ್ದು ಮೊದಲು ಕುಡಿದ್ರೂ ಇನ್ನೊಬ್ಬರಿಗೆ ಕೋಪ. ಮೇಷ್ಟ್ರು ಎರಡೂ ಲೋಟ ತರಿಸಿ, ಬೀದಿ ಕೂಡೋ ಕಡೆ ನಿಂತು, ಬೆಲ್ಲದ ಕಾಫಿ ಸಕ್ಕರೆ ಕಾಫಿ ಎರಡನ್ನೂ ಬೆರೆಸಿ ಕುಡಿದ್ರು.

ಅಜ್ಜಿಯೊಬ್ಬಳು ತಲೆ ಚಚ್ಕೊಂಡ್ಲು. "ಅಯ್ಯೋ, ಎರಡು ಕಾಫೀನೂ ಕೆಡಿಸ್ಬುಟ್ನಲ್ಲಪ್ಪ ಈವಯ್ಯ!"

ದೊಡ್ಡೋಳು ಯಾರು?

ಟಿ. ನರಸೀಪುರದ ಟೀ ಅಂಗಡೀಲಿ ಒಬ್ಬ ಕೇಳ್ದ: "ಸಾ, ಕಾವೇರಿ ದೊಡ್ಡೋಳಾ, ಕಪಿಲೆ ದೊಡ್ಡೋಳಾ?"

ಕಾವೇರಿ ಅಂದ್ರೆ ಕಪಿಲೆ ದಡದ ನಂಜನಗೂಡೋರು ಬಿಡಲ್ಲ, ಕಪಿಲೆ ಅಂದ್ರೆ ಕಾವೇರಿ ದಡದೋರು ಬಿಡಲ್ಲ. "ಎರಡೂ ಸೇರೋ ಜಾಗಾನೇ ದೊಡ್ಡದಪ್ಪ" ಅಂದ್ರು ಮೇಷ್ಟ್ರು.

"ಸರಿ ಸಾ. ಆದ್ರೆ ಅಲ್ಲಿ ಸುಳಿ ಜಾಸ್ತಿ, ಉಷಾರು."

ಕುಂಯ್ ಅನ್ನದ ಮಿಷನ್

ಯಾವ ಪಕ್ಷಕ್ಕೂ ಬೈಯಬಾರದು ಅಂತ ಮೇಷ್ಟ್ರ ಆರ್ಡರ್. ಬೈಯದೆ ಏನಂತ ಕೂಗೋದು? ನಾನೇ ಕಟ್ಟಿದೆ: "ನಿಮ್ಮ ಪಕ್ಷ ಬಿಡಬೇಡಿ, ನಮ್ಮ ಮೇಷ್ಟ್ರನ್ನೂ ಮರೀಬೇಡಿ!" ಹೆಮ್ಮರಗಾಲದಲ್ಲಿ ಮನೆಮನೇಲೂ "ಅಂಗೇ ಆಗ್ಲಿ ಸಾ" ಅಂದ್ರು. ಮೇಷ್ಟ್ರ ಮುಖ ಅರಳಿತು.

ಎಣಿಕೆ ದಿನ ನೋಡಿದ್ರೆ ಊರ ಬೂತಲ್ಲಿ ಒಂದೇ ವೋಟು. ಅದು ಮೇಷ್ಟ್ರೇ ಹಾಕ್ಕೊಂಡಿದ್ದು. ಪಾಪ, ಜಗಲಿ ಮೇಲೆ ಕುಸಿದು ಕೂತ್ರು.

ಎದುರುಮನೆಯಾತ ಓಡಿಬಂದ. "ಒಂದೇನಾ? ನಾನು ಆಕಿದ್ನಲ್ಲ ಸಾ! ಮೊದಲು ನಮ್ಮ ಪಕ್ಷಕ್ಕೆ ಒತ್ದೆ, ಆಮೇಲೆ ನಿಮ್ಗೆ ಒತ್ದೆ. ಆಟೋದಲ್ಲಿ ಅಂಗೇ ತಾನೆ ಕೂಗಿದ್ದು? ಎರಡನೇ ಸಲ ಮಾತ್ರ ಮಿಷನ್ ಕುಂಯ್ ಅನ್ಲಿಲ್ಲ."

"ನಂಗೂ ಅನ್ಲಿಲ್ಲ!" "ನಂಗೂ!" ಅಂತ ಸುತ್ತ ನಿಂತೋರೆಲ್ಲ ಶುರು ಮಾಡಿದ್ರು.

ಮೇಷ್ಟ್ರು ನನ್ನ ಕಡೆ ತಿರುಗಿದ್ರು. ನಾನು ಮೆಲ್ಲಗೆ ಆಟೋ ಕಡೆ ತಿರುಗಿದೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು ಕೈಗಿಟ್ಟು, ಸಮಾಧಾನ ಮಾಡೋ ಹಂಗೆ ಅಂದ್ರು:

"ಬೇಜಾರು ಮಾಡ್ಕೋಬೇಡಿ ಕಣ್ರೀ, ಮಿಷನ್ನೇ ಸರಿ ಇರ್ಲಿಲ್ಲ. ನಿಮಗೆ ಒತ್ತಿದಾಗ ನಂಗೂ ಕುಂಯ್ ಅನ್ಲಿಲ್ಲ."