ಮಾವನ ಎಡಗೈ ಯೋಗ

ನಮ್ಮ ಸೋದರಮಾವನ ತಲೆಯಲ್ಲಿ ಮೆದುಳೊಂದನ್ನು ಬಿಟ್ಟು ಮೆದುಳಿಗೆ ಸಂಬಂಧಪಟ್ಟ ಸಮಸ್ತವೂ ಇದೆ!

ಹೊಸೂರಿನ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಸುತ್ತ ಆಯುಸ್ಸು ಕಳೆದವರು, ರಿಟೈರಾದ ಮೇಲೆ ಗುಮ್ಮಳಾಪುರದ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತು ನರವಿಜ್ಞಾನಿಯಾಗಿಬಿಟ್ಟರು. ಇಡಾ ನಾಡಿ ಎಂದರೆ ಮೆದುಳಿನ ಬಲಭಾಗವಂತೆ, ಪಿಂಗಳಾ ಎಂದರೆ ಎಡಭಾಗವಂತೆ, ಸಹಸ್ರಾರವೆಂದರೆ ಒಟ್ಟು ವೈರಿಂಗಂತೆ. ಕ್ಷೌರಕ್ಕೆ ಕೂತರೂ ಸುಮ್ಮನಿರರು.

"ನೆತ್ತಿ ಮೇಲೆ ಜ್ವಾಪಾನ ಕಣಪ್ಪ, ಅಲ್ಲಿ ಸಹಸ್ರಾರ ಐತೆ."

"ಅಲ್ಲಿ ಕೂದ್ಲೇ ಇಲ್ವಲ್ಲ ಮಾಮಾ, ನಾನ್ಯಾಕೆ ಆ ಕಡೆ ಬರ್ಲಿ?" ಎಂದನಂತೆ ಕ್ಷೌರದವನು.

ನಾನೂ ಒಮ್ಮೆ ಕೆಣಕಿದೆ. "ಋಷಿಗಳಿಗೆ ಇಷ್ಟೆಲ್ಲ ಗೊತ್ತಿದ್ರೆ ಸ್ಕ್ಯಾನಿಂಗ್ ಮೆಷಿನ್ ಯಾಕೆ ಮಾಡ್ಲಿಲ್ಲ ಮಾವ?"

"ಕಣ್ಮುಚ್ಚಿದ್ರೆ ಒಳಗಡೆ ಕಾಣೋರಿಗೆ ಮೆಷಿನ್ ಯಾಕ್ಲಾ? ಕರೆಂಟ್ ಬಿಲ್ ದಂಡ."

ಇಂಥವರ ಜೊತೆ ವಾದಕ್ಕಿಳಿದ ನನಗೇ ಬುದ್ಧಿಯಿಲ್ಲ, ಬಿಡಿ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಹೋದ ವರ್ಷ ಅವರ ಹೆಂಡತಿಗೆ, ಅಂದರೆ ನಮ್ಮತ್ತೆಗೆ, ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಅಂದಿನಿಂದ ಅತ್ತೆ ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದವರು ಅವರು. ಆಲಸನತ್ತಂನ ನನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಅವರೇ ಇಲ್ಲದಿದ್ದರೆ ಹೇಗೆ? ಕರೆಯಲು ಹೋದೆ.

"ಪಂತೀಲಿ ಕುಂತು ಎಡಗೈಲಿ ಉಣ್ಣಾದನ್ನ ನಾಕ್ ಜನ ನೋಡ್ಬೇಕಾ ಮಗಾ? ನಾನು ಬರಾಕಿಲ್ಲ," ಎಂದು ಮುಖ ತಿರುಗಿಸಿಕೊಂಡರು. ಎಡಗೈಯನ್ನು ಎಲೆಗೆ ತಾಗಿಸಬಾರದೆಂದು ತುತ್ತಿನ ಜೊತೆಗೇ ಕಲಿಸುವ ಊರು ನಮ್ಮದು.

ಮಾವ ಒಂದು ಸಮಾಧಾನದ ಮಾತಾಡಬೇಕೋ ಬೇಡವೋ? ಅವರು ನನಗೆ ಪಾಠ ಶುರುಮಾಡಿದರು. "ಮಾಡಿದ್ದೇ ಮಾಡ್ತಾ ಇದ್ರೆ ಮೆದುಳಲ್ಲಿ ಗಾಡಿ ಜಾಡು ಬೀಳ್ತದೆ ಕಣ್ಲಾ. ನಮ್ಮೋರು ಅದನ್ನೇ ಸಂಸ್ಕಾರ ಅಂದ್ರು. ಹೊಸ ಜಾಡು ಯಾವ ವಯಸ್ನಾಗೂ ಹಾಕ್ಬೋದು ಅಂತ ಈಗ ಡಾಕ್ಟ್ರೂ ಒಪ್ಕೊಂಡವ್ರೆ."

ನನಗೆ ಮೈಯೆಲ್ಲ ಉರಿಯಿತು. "ಜಾಡು ಆಮೇಲೆ ಹಾಕಿ. ಮೊದ್ಲು ಅತ್ತೇನ ಕರ್ಕೊಂಡು ಬನ್ನಿ," ಎಂದು ಎದ್ದು ಬಂದೆ.

ಬಂದರು. ಪೂಜೆ ನೋಡಿಕೊಂಡು ಉಣ್ಣದೆ ಹೊರಡುವುದೆಂಬ ಕರಾರಿನ ಮೇಲೆ ಅತ್ತೆಯೂ ಬಂದರು. ಆದರೆ ಮಾವ ಅವರನ್ನು ಪಂಕ್ತಿಯ ತುದಿಯಲ್ಲಿ ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡರು.

"ಇವತ್ತು ನಾನು ಇಡಾ ನಾಡಿ ಎಬ್ಬಿಸ್ತೀನಿ. ಎಡಗೈಲಿ ಉಂಡ್ರೆ ಬಲಮೆದುಳು ಚುರುಕಾಯ್ತದೆ."

ಹಾಗೆಂದವರೇ ಎಡಗೈಯನ್ನು ಅನ್ನದೊಳಗೆ ಇಳಿಸಿದರು! ಅನ್ನ ಮೀಸೆಗೆ ಹೋಯಿತು, ಸಾರು ಮೊಣಕೈವರೆಗೆ ಹರಿಯಿತು. ಪಂಕ್ತಿಗೆ ಪಂಕ್ತಿಯೇ ಕತ್ತು ತಿರುಗಿಸಿ ನಕ್ಕಿತು. ಪಕ್ಕದ ಮನೆಯ ತಮಿಳರು "ಎನ್ನ ಮಾಮಾ ಇದು?" ಎಂದರು. "ಬ್ರೈನು," ಎಂದರು ಮಾವ ಗಂಭೀರವಾಗಿ.

ಸಾರಿನ ಬಕೆಟ್ಟು ಹಿಡಿದಿದ್ದ ನಾನು ಅವಮಾನದಿಂದ ಕುದಿಯುತ್ತ ಬಯ್ಯಲೆಂದು ಬಗ್ಗಿದೆ. ಆಗಲೇ ಪಕ್ಕದ ಎಲೆ ಕಂಡಿತು. ಅತ್ತೆ ತಲೆ ತಗ್ಗಿಸಿ, ಎಡಗೈಯಲ್ಲಿ, ನೀಟಾಗಿ ಉಣ್ಣುತ್ತಿದ್ದರು. ಅವರನ್ನು ಯಾರೊಬ್ಬರೂ ನೋಡುತ್ತಿರಲಿಲ್ಲ. ನೋಡಲು ಮಾವ ಬಿಟ್ಟಿದ್ದರೆ ತಾನೇ?

ನನ್ನ ಕಣ್ಣು ತುಂಬಿ ಬಂತು. ಅತ್ತೆ ತಲೆಯೆತ್ತಿದರು.

"ಒಂಚೂರು ಸಾರು ಬಿಡು ಮಗಾ. ನಿಮ್ಮಾವಂಗೂ ಬಿಡು, ಎಲ್ಲಾ ನೆಲಕ್ಕೇ ಚೆಲ್ಕೊಂಡವ್ರೆ."